ಎರಡು ಬಾಯಿ, ಒಂದು ಸೆಟ್ಟು

"ಕಚ್ಚಿ. ಹಾಗೇ ಇರಿ. ಐದು ನಿಮಿಷ ಒಂದಕ್ಷರ ಆಡಕೂಡದು."

ಪತ್ತೇದಾರನ ಬಾಯಲ್ಲಿ ಅವನದೇ ಹಲ್ಲುಸೆಟ್ಟು, ಸೆಟ್ಟಿನೊಳಗೆ ಗುಲಾಬಿ ಬಣ್ಣದ ಅಂಟು, ಅಂಟಿನೊಳಗೆ ಅವನ ಒಸಡು. ಮೂವತ್ತೊಂದು ವರ್ಷ ಪೊಲೀಸ್ ಕೆಲಸದಲ್ಲಿ ಬೇರೆಯವರ ಬಾಯಿ ಬಿಡಿಸಿದವನು ಈಗ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಒರಗಿದ್ದ.

ಹೋದ ವಾರದ ವಿಚಾರಣೆಯಲ್ಲಿ "ಸತ್ಯ ಹೇಳಿ" ಎಂದು ಗದರುವ ಭರಕ್ಕೆ ಕೆಳಗಿನ ಸೆಟ್ಟು ಹಾರಿ ಅವನಿಗೆ ಕೇಸು ಕೊಟ್ಟಿದ್ದ, ಟೆಲಿಫೋನ್ ಎಕ್ಸ್‌ಚೇಂಜಿನ ನಿವೃತ್ತ ಆಪರೇಟರ್ ಅಮ್ಮನ ಊಟದ ಮೇಜಿನ ಮೇಲೆ ಬಿದ್ದಿತ್ತು, ಅದರ ಫಲ ಇದು. ಸತ್ಯ ಹೊರಗೆ ಬರಲಿಲ್ಲ. ಹಲ್ಲು ಬಂತು.

ಹಲ್ಲಿನ ಡಾಕ್ಟ್ರಮ್ಮ ಕೈ ತೊಳೆದುಕೊಂಡು ಟವೆಲ್ಲಿಗೆ ಒರೆಸುತ್ತ ಗೋಡೆಯ ಗಡಿಯಾರ ನೋಡಿದಳು. ಐವತ್ತರ ಹೆಂಗಸು, ತೋಳಿನ ತುಂಬ ಪ್ಲಾಸ್ಟರಿನ ಬಿಳಿ ಪುಡಿ. ಚಿಕಿತ್ಸೆಯ ಕುರ್ಚಿ ಮುಂದಿನ ಕೋಣೆಯಲ್ಲಿ. ಸೆಟ್ಟು ಮಾಡುವ ಕಾರ್ಖಾನೆ ಹಿಂದಿನ ಕೋಣೆಯಲ್ಲಿ. ನಡುವೆ ಒಂದು ಪರದೆ. ಎರಡೂ ಅಪ್ಪನ ಕಾಲದವು.

"ಯಾವಾಗಿಂದ ಸಡಿಲ ಆಯ್ತು ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ರಲ್ಲ, ಅದು ಹೇಗೆ ಸಾರ್ ಗೊತ್ತಾಗದೆ ಇರುತ್ತೆ?"

ಅವನು ಭುಜ ಹಾರಿಸಿದ. ಉತ್ತರ ಇತ್ತು, ಹೇಳಲು ಬಾಯಿ ಇರಲಿಲ್ಲ. ಹೆಂಡತಿ ಹೋದ ಮೇಲೆ ಬೆಳಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ರಾತ್ರಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ನಡುವೆ ಯಾರೊಂದಿಗೂ ಮಾತಿಲ್ಲ. ಅಗಿಯದವನಿಗೆ, ಆಡದವನಿಗೆ ಹಲ್ಲು ಸಡಿಲಾದದ್ದು ತಿಳಿಯುವುದು ಹೇಗೆ? ಎಷ್ಟೋ ತಿಂಗಳ ಮೇಲೆ ಈ ಕೇಸು ಬಂತು, ಮಾತಾಡಿದ, ಟಕ್ ಅಂತು.

"ಸಡಿಲ ಆಗಿರೋದು ಸೆಟ್ಟಲ್ಲ, ದವಡೆ," ಡಾಕ್ಟ್ರಮ್ಮ ಅಂದಳು. "ಹಲ್ಲು ಹೋದ ಮೇಲೆ ಅದರ ಕೆಳಗಿನ ಎಲುಬಿಗೆ ಕೆಲಸ ಇಲ್ಲ ನೋಡಿ. ವರ್ಷ ವರ್ಷ ಒಂದಿಷ್ಟು ಸವೆದುಹೋಗುತ್ತೆ. ಸೆಟ್ಟು ಮಾತ್ರ ಹಾಗೇ ಇರುತ್ತೆ. ಅಳತೆ ತಪ್ಪಿದ ಮೇಲೆ ಕುಣೀದೆ ಇನ್ನೇನು ಮಾಡುತ್ತೆ?"

ಅವನು ಹೂಂಗುಟ್ಟಿದ. ಹೂಂಗುಟ್ಟಲು ಮೂಗು ಸಾಕು.

"ನೀವು ಹಚ್ಚಿಕೊಂಡು ಬರ್ತಿದ್ದ ಅಂಟಿನ ಪೇಸ್ಟು ಇದೆಯಲ್ಲ, ಅದು ಮದುವೆ ಮನೇಲಿ ಒಂದು ದಿನ ಮರ್ಯಾದೆ ಉಳಿಸೋಕೆ. ಬಟಾಣಿ ಕಾಳಷ್ಟು ಹಾಕಿದ್ರೆ ಸಾಕು. ನೀವು ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದ್ದೀರಿ. ಒಳಗೆ ಮೆತ್ತನೆ ರಬ್ಬರಿನ ಪದರ ಕೂರಿಸಬಹುದು, ಒಸಡಿಗೆ ಹಾಯಾಗಿರುತ್ತೆ, ಆದ್ರೆ ವರ್ಷದೊಳಗೆ ಅದು ಗಟ್ಟಿಯಾಗಿ ನಾರುತ್ತೆ. ಈಗ ಮಾಡ್ತಿರೋದು ಗಟ್ಟಿ ಪದರ. ಇವತ್ತಿನ ದವಡೆಯ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಒಳಗಡೆ ತುಂಬಿಸೋದು. ಅದಕ್ಕೂ ಬಗ್ಗದಿದ್ರೆ ದವಡೆಗೆ ಎರಡು ಮೊಳೆ ಕೂರಿಸಿ, ರವಿಕೆಗೆ ಟಿಚ್ ಬಟನ್ ಹಾಕ್ತಾರಲ್ಲ, ಹಾಗೆ ಸೆಟ್ಟನ್ನ ಟಿಕ್ ಅಂತ ಒತ್ತಿ ಹಾಕೋದು."

ಅವನ ಕಣ್ಣು ಅಗಲವಾಯಿತು.

"ಹೆದರಬೇಡಿ. ನಿಮಗೆ ಮೊಳೆ ಹೊಡೆಯಲ್ಲ. ಎಲ್ಲಕ್ಕೂ ಒಂದೇ ನಿಯಮ ಸಾರ್. ಸಡಿಲ ಆದದ್ದಕ್ಕೆ ತುಂಬಿಸ್ತಾರೆ. ಯಾರೂ ಕೆರೆಯಲ್ಲ." ಅವಳು ನಿಂತಳು. "ಅದಕ್ಕೇ ಹೇಳಬೇಕು ಅಂತಿದ್ದೆ. ಬೆಳಗ್ಗೆ ನೀವು ಸೋಪಿನ ಡಬ್ಬೀಲಿ ಹಾಕಿ ಕೊಟ್ಟು ಹೋದ್ರಲ್ಲ, ಆ ಇನ್ನೊಂದು ಸೆಟ್ಟು. ಅದನ್ನ ಯಾರೋ ಕೆರೆದಿದ್ದಾರೆ."

ಪತ್ತೇದಾರ ಎದ್ದು ಕೂರಲು ಹೋದ. ಅವಳು ಹಣೆಗೆ ಎರಡು ಬೆರಳಿಟ್ಟು ಹಿಂದಕ್ಕೆ ಒರಗಿಸಿದಳು.

"ಅಲ್ಲಾಡಿದ್ರೆ ಅಚ್ಚು ಕೆಡುತ್ತೆ. ಇನ್ನೂ ಮೂರು ನಿಮಿಷ."

ಅಷ್ಟೂ ವರ್ಷದ ವೃತ್ತಿಜೀವನದಲ್ಲಿ ಇಷ್ಟು ಉದ್ದದ ಮೂರು ನಿಮಿಷ ಅವನು ಕಂಡಿರಲಿಲ್ಲ.

ಆ ಇನ್ನೊಂದು ಸೆಟ್ಟು ಆಪರೇಟರ್ ಅಮ್ಮನ ತಮ್ಮನದು. ಅಥವಾ ತಮ್ಮ ಎಂದು ಹೇಳಿಕೊಂಡು ಆರು ವಾರದ ಹಿಂದೆ ಬಾಗಿಲು ತಟ್ಟಿದವನದು. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಆಕೆ ತನ್ನ ಮನೆಯನ್ನು ಇಬ್ಬರ ಹೆಸರಿಗೂ ಮಾಡಿಸುವ ಕಾಗದಕ್ಕೆ ಸಹಿ ಹಾಕುವವಳಿದ್ದಳು. "ಅವನೇ ಅಂತ ಒಂದು ಮಾತು ಹೇಳಿಬಿಡಿ ಸಾರ್," ಎಂದಿದ್ದಳು. ಅನುಮಾನ ಪಡಲು ಜನ ಪತ್ತೇದಾರನನ್ನು ಹಿಡಿಯುತ್ತಾರೆ. ಅನುಮಾನ ಬಿಡಿಸಿಕೊಳ್ಳಲು ಹಿಡಿದವಳು ಈಕೆ ಒಬ್ಬಳೇ.

ಡಾಕ್ಟ್ರಮ್ಮ ಪರದೆ ಸರಿಸಿ ಒಳಗೆ ಹೋದಳು. ಗೋಡೆಯುದ್ದಕ್ಕೂ ಹಲಗೆ, ಹಲಗೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು, ಪ್ರತಿಯೊಂದಕ್ಕೂ ಸೀಸದಕಡ್ಡಿಯ ನಂಬರು. ಅಪ್ಪ ಒಂದು ಬಾಯಿಯನ್ನೂ ಎಸೆದವನಲ್ಲ, ಮಗಳೂ ಎಸೆಯಲಿಲ್ಲ. ಸತ್ತವರು, ಊರು ಬಿಟ್ಟವರು, ಬೇರೆ ಡಾಕ್ಟರನ್ನು ಹಿಡಿದವರು ಎಲ್ಲರೂ ಅಲ್ಲಿ ಧೂಳು ಹೊತ್ತು ಸಾಲಾಗಿ, ಬಾಯಿ ತೆರೆದು ಕೂತಿದ್ದರು.

ಆರುನೂರ ಹನ್ನೆರಡನೆಯ ದವಡೆ ಹಿಡಿದು ಅವಳು ಹೊರಬಂದಳು.

"ಹದಿನಾಲ್ಕು ವರ್ಷದ ಹಿಂದೆ ಅಪ್ಪ ತೆಗೆದ ಅಚ್ಚು. ಸೆಟ್ಟಿನ ಒಳಮೈಲೂ ಅದೇ ನಂಬರು, ಸೂಜೀಲಿ ಕೊರೆದದ್ದು. ಸೆಟ್ಟು ನಮ್ಮದೇ, ಸಂಶಯ ಇಲ್ಲ. ಈ ನಂಬರು ತೋರಿಸಿಯೇ ತಾನೇ ಆತ ನಾನೇ ತಮ್ಮ ಅಂದದ್ದು?"

ಅವನು ಹೂಂಗುಟ್ಟಿದ. ಆಪರೇಟರ್ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಇದೇ ಕ್ಲಿನಿಕ್ಕಿನ ಹಳೆಯ ಚೀಟಿ ಇತ್ತು, ಚೀಟಿಯಲ್ಲಿ ಅದೇ ನಂಬರು. ಮನುಷ್ಯನ ಮುಖಕ್ಕಿಂತ ಅವನ ದವಡೆಯ ನಂಬರನ್ನು ಆಕೆ ನಂಬಿದ್ದಳು.

"ಈಗ ನೋಡಿ." ಕೆಳಗಿನ ಸೆಟ್ಟನ್ನು ಪ್ಲಾಸ್ಟರಿನ ಮೇಲೆ ಇಟ್ಟಳು. "ಈ ದವಡೆ ಮೇಲೇ ಮಾಡಿದ ಸೆಟ್ಟು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂರಬೇಕು." ಒಂದು ಬೆರಳಿಂದ ತಟ್ಟಿದಳು. ಸೆಟ್ಟು ಎಡಕ್ಕೂ ಬಲಕ್ಕೂ ತೂಗಿತು. "ಒಳಗೆಲ್ಲ ಅರದ ಗೀರು. ಪೇಸ್ಟು ತೊಳೆದ ಮೇಲೆ ಕಾಣಿಸ್ತು. ಆ ನಿಮ್ಮ ತಮ್ಮಯ್ಯನಿಗೆ ಹದಿನಾಲ್ಕು ವರ್ಷದಲ್ಲಿ ದವಡೆ ಸವೆದು ಸಣ್ಣ ಆಗಬೇಕಿತ್ತು. ಸೆಟ್ಟು ದೊಡ್ಡದಾಗಿ ಕುಣೀಬೇಕಿತ್ತು. ಇಲ್ಲಿ ಸೆಟ್ಟು ಚಿಕ್ಕದಾಯ್ತು ಅಂತ ಒಳಗೆ ಕೆರೆದು ಜಾಗ ಮಾಡಿಕೊಂಡಿದ್ದಾರೆ. ಕೆರೆದದ್ದು ಜಾಸ್ತಿ ಆಯ್ತು, ಪೇಸ್ಟು ಮೆತ್ತಿದ್ದಾರೆ."

ಪತ್ತೇದಾರ ಜೇಬಿನ ಪುಸ್ತಕ ತೆಗೆದು ಗೀಚಿದ: ಬೇರೆ ಬಾಯಿ?

"ಬೇರೆ ಬಾಯಿ. ಇನ್ನೂ ಒಂದಿದೆ. ಈ ಮೂಲೆ ನೋಡಿ." ಒಂದು ಸಣ್ಣ ಕೊಕ್ಕೆಯ ತುದಿಯಿಂದ ಅವಳು ಉಗುರಿನಷ್ಟಗಲದ ಬೂದು ಚೂರನ್ನು ಒತ್ತಿದಳು. ಅದು ತಗ್ಗಿ ಮತ್ತೆ ಮೇಲೆದ್ದಿತು. "ಮೆತ್ತನೆ ಪದರ. ನಾವು ಹಾಕಿದ್ದಲ್ಲ, ಯಾವುದೋ ಬೇರೆ ಡಾಕ್ಟರು ಸಡಿಲ ಆಯ್ತು ಅಂತ ತುಂಬಿಸಿದ್ದು. ಅರದ ಗೀರು ಇದರ ಮೇಲೂ ಹಾದುಹೋಗಿದೆ. ಅಂದ್ರೆ ಮೊದಲು ಯಾರಿಗೋ ಸಡಿಲ ಆಗಿತ್ತು, ತುಂಬಿಸಿದ್ರು. ಆಮೇಲೆ ಯಾರಿಗೋ ಬಿಗಿ ಆಯ್ತು, ಕೆರೆದ್ರು. ಒಂದು ಸೆಟ್ಟು, ಎರಡು ಬಾಯಿ."

ಅವಳು ದನಿ ತಗ್ಗಿಸಿದಳು.

"ಆ ಪದರ ಇನ್ನೂ ಮೆತ್ತಗಿದೆ ಸಾರ್. ವರ್ಷ ತುಂಬಿದ್ರೆ ಗಟ್ಟಿ ಆಗ್ತಿತ್ತು."

ಅವನು ಬರೆದ: ತಮ್ಮ ಬದುಕಿದ್ದಾನೆ?

"ಈ ಒಂದು ವರ್ಷದೊಳಗೆ ಇದೇ ಹಲ್ಲಲ್ಲಿ ಊಟ ಮಾಡಿದ್ದಾನೆ. ಅಷ್ಟು ಹೇಳಬಲ್ಲೆ. ಬಿಡಿ ಬಾಯಿ."

ಚ್ಲಕ್ ಎಂದು ಸೆಟ್ಟು ಕಳಚಿತು. ಪತ್ತೇದಾರ ಕೈ ಚಾಚಿದ. ಅವಳು ಕೊಡಲಿಲ್ಲ.

"ಅಚ್ಚು ಬಂದಿದೆ, ಪದರ ಬೇಯಬೇಕು, ಹೊಳಪು ಮಾಡಬೇಕು. ನಾಳೆ ಮಧ್ಯಾಹ್ನ ಬನ್ನಿ."

"ನಾಳೆ ಮಧ್ಯಾಹ್ನವಾ! ಹನ್ನೊಂದಕ್ಕೆ ಶಹಿ ಹಾಕ್ಪಾರೆ! ನಾನು ಈಗ್ಲೇ ಅವರ ಮನೆಗೆ ಹೋಗ್ಬೇಕು, ಹಲ್ಲಿಲ್ಲದೆ ಹೇಗೆ ಹೋಗ್ಲಿ?" ಎಂದು ಅವನು ಹೇಳಿದ್ದು. ಕೇಳಿಸಿದ್ದು ಮಾತ್ರ, ಒದ್ದೆ ಹಾಸಿಗೆಯನ್ನು ಯಾರೋ ಕೋಲಿನಿಂದ ಬಡಿದ ಹಾಗೆ.

"ಹಲ್ಲಿರೋರು ಯಾರನ್ನಾದ್ರೂ ಕಳಿಸಿ," ಅಂದಳು ಡಾಕ್ಟ್ರಮ್ಮ.

ಪತ್ತೇದಾರ ಯೋಚಿಸಿದ. ಕಳಿಸಲು ಯಾರೂ ಇರಲಿಲ್ಲ. ಅದನ್ನು ಹೇಳಲು ಹಲ್ಲು ಬೇಕಾಗಿರಲಿಲ್ಲ; ಅವಳಿಗೆ ಮುಖ ನೋಡಿಯೇ ತಿಳಿಯಿತು. ಸೋಪಿನ ಡಬ್ಬಿಯನ್ನೂ ಪ್ಲಾಸ್ಟರಿನ ದವಡೆಯನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಅವನ ಕೈಗಿತ್ತಳು.

ಬೀದಿಯಲ್ಲಿ ಅವನು ಕರವಸ್ತ್ರವನ್ನು ಬಾಯಿಗೆ ಒತ್ತಿ ನಡೆದ. ಹೆಂಡತಿಯ ಎದುರಿಗೆ ಹೊರತು ಇನ್ನಾರ ಎದುರೂ ಅವನು ಹಲ್ಲು ತೆಗೆದವನಲ್ಲ. ಅವಳೋ, ತೆಗೆದ ಕೂಡಲೇ ಅವನ ದನಿಯನ್ನೇ ಅಣಕಿಸಿ ನಗಿಸುವವಳು. ಈಗ ರಾತ್ರಿ ಹಲ್ಲು ತೆಗೆದು ನೀರಿಗೆ ಹಾಕಿ, "ಮಲಗ್ತೀನಿ ಕಣೇ" ಎಂದು ಒಮ್ಮೊಮ್ಮೆ ಲೋಟಕ್ಕೆ ಹೇಳುತ್ತಿದ್ದ.

ಕನ್ನಡಕದ ಅಂಗಡಿಯ ಗಾಜಿನಲ್ಲಿ ಒಬ್ಬ ಮುದುಕ ಕಂಡ. ಕೆನ್ನೆ ಒಳಗೆ ಹೋಗಿ ಗದ್ದ ಮೂಗಿನ ಸಮಾಚಾರ ವಿಚಾರಿಸಲು ಮೇಲೆದ್ದಿತ್ತು. ಪತ್ತೇದಾರ ಬೇಗ ಮುಂದಕ್ಕೆ ನಡೆದ.

ನಡೆಯುತ್ತಲೇ ಜೇಬಿನ ಪುಸ್ತಕ ತೆರೆದ. ಆಪರೇಟರ್ ಅಮ್ಮ ಮೊದಲ ದಿನ ಹೇಳಿದ್ದೆಲ್ಲ ಅಲ್ಲಿತ್ತು. ತಮ್ಮ ಮಿಮಿಕ್ರಿ ಕಲಾವಿದ, ನೂರು ದನಿ ಅವನ ಬಾಯಲ್ಲಿ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದಾಗ ದಿನಕ್ಕೊಂದು ದನಿಯಲ್ಲಿ ಫೋನು ಮಾಡಿ ಸತಾಯಿಸುತ್ತಿದ್ದ. ಒಮ್ಮೆ ದೊಡ್ಡ ಅಧಿಕಾರಿಯ ದನಿಯಲ್ಲಿ ಗದರಿ ಅವಳನ್ನು ಅಳಿಸಿಬಿಟ್ಟ. ಅದೇ ಜಗಳ. "ಇನ್ನು ನಿನ್ನ ಸ್ವಂತ ದನೀಲಿ ಮಾತಾಡೋದಾದ್ರೆ ಫೋನು ಮಾಡು, ಇಲ್ಲದಿದ್ರೆ ಮಾಡಬೇಡ" ಎಂದಳು. ಅವನು ಮಾಡಲಿಲ್ಲ. ಹದಿನಾಲ್ಕು ವರ್ಷ.

ಈಗ ಬಂದವನ ದನಿ ಬೇರೆ. ಯಾಕೆಂದರೆ "ಹಲ್ಲು ಸಡಿಲ ಅಕ್ಕಾ." ಸರಿ ಮಾಡಿಸೋಣ ಅಂದರೆ ಬೇಡ. ಅದಕ್ಕೇ ಆಕೆ ಇವತ್ತು ಬೆಳಗ್ಗೆ ಬೇಸಿನ್ನಿಗೆ ಬಿದ್ದು ಬಿರುಕು ಬಿಟ್ಟಿತೆಂದು ಸುಳ್ಳು ಹೇಳಿ ಸೆಟ್ಟನ್ನು ಪತ್ತೇದಾರನ ಕೈಯಲ್ಲಿ ಕಳಿಸಿದ್ದು. ತಮ್ಮ ಹಾಯಾಗಿ ಊಟ ಮಾಡಲಿ ಎಂಬುದೊಂದೇ ಅವಳ ಪಿತೂರಿ.

ಪುಟದ ತುದಿಯಲ್ಲಿ ಆಕೆಯ ಚಿಲ್ಲರೆ ದೂರುಗಳು: ನೀರಿನ ನಲ್ಲಿ ಸೋರುತ್ತದೆ. ಗುರುವಾರ ನಾಲ್ಕಕ್ಕೆ ಯಾವನೋ ಕುಡುಕ ಫೋನು ಮಾಡುತ್ತಾನೆ, ಐದು ವಾರವಾಯಿತು. ಮೆಟ್ಟಿಲ ದೀಪ ಉರಿಯುವುದಿಲ್ಲ.

ಮೆಟ್ಟಿಲ ದೀಪ ಇವತ್ತೂ ಉರಿಯುತ್ತಿರಲಿಲ್ಲ. ತಡಕುತ್ತ ಮೂರನೆಯ ಮಹಡಿ ಹತ್ತಿದ.

ಆಪರೇಟರ್ ಅಮ್ಮ ಬಾಗಿಲು ತೆರೆದಳು. ಅರವತ್ತಮೂರರ ನೆಟ್ಟಗಿನ ಹೆಂಗಸು. ನಿವೃತ್ತಿಯಾಗಿ ಐದು ವರ್ಷವಾದರೂ ಒಂದು ಕಿವಿಯನ್ನು ಸ್ವಲ್ಪ ಮುಂದಕ್ಕೆ ಕೊಟ್ಟು ನಿಲ್ಲುವ ಅಭ್ಯಾಸ ಹೋಗಿರಲಿಲ್ಲ.

"ಬನ್ನಿ ಸಾರ್. ರಿಪೇರಿ ಆಯ್ತಾ? ಪಾಪ, ಬೆಳಗ್ಗೆಯಿಂದ ಬಾಯಿಗೆ ಟವೆಲ್ಲು ಸುತ್ತಿಕೊಂಡು ಒಳಗೆ ಕೂತಿದ್ದಾನೆ. ನನ್ನ ಎದುರಿಗೂ ಹಲ್ಲಿಲ್ಲದೆ ಬಾಯಿ ತೆಗೆಯಲ್ಲ. ಒಂದು ದಿನವೂ ತೆಗೆದಿಲ್ಲ. ಅಷ್ಟು ನಾಚಿಕೆ."

ಪತ್ತೇದಾರ ತಲೆಯಾಡಿಸಿ ಒಳಬಂದ. ಮೇಜಿನ ಮೇಲೆ ಎರಡು ತಟ್ಟೆ. ಎರಡು ಕುರ್ಚಿ, ಒಂದು ಹಳೆಯ ಮರದ್ದು, ಇನ್ನೊಂದು ಹೊಸ ಪ್ಲಾಸ್ಟಿಕ್ಕಿನದು, ಬೆಲೆಯ ಚೀಟಿಯ ಅಂಟು ಇನ್ನೂ ಬೆನ್ನಿಗಿತ್ತು. ಕಿಟಕಿಯ ಪಕ್ಕ ಹೆಣೆದ ಬಟ್ಟೆಯ ಮೇಲೆ ಕಪ್ಪು ಟೆಲಿಫೋನು. ಅದರ ತಂತಿ ಗೋಡೆಯುದ್ದಕ್ಕೂ ಹರಿದು ಬಾಗಿಲ ಬಳಿಯ ಪೆಟ್ಟಿಗೆ ಸೇರುತ್ತಿತ್ತು.

ಬಂದವನು ಕೋಣೆಯಿಂದ ಹೊರಬಂದ. ಅಗಲ ಮುಖ, ಟವೆಲ್ಲಿನ ಮೇಲೆ ಚುರುಕು ಕಣ್ಣು. ಕೈ ಚಾಚಿದ.

ಪತ್ತೇದಾರ ಡಬ್ಬಿ ಕೊಟ್ಟ. ಅವನು ಗೋಡೆಯ ಕಡೆ ತಿರುಗಿ, ಬಗ್ಗಿ, ಒತ್ತಿ, ತಿರುಗಿದ. ಬಾಯಿಗೆ ಹಲ್ಲು ಬಂತು, ಹಲ್ಲಿನ ಹಿಂದೆಯೇ ತಮ್ಮ ಬಂದ.

"ಅಬ್ಬಾ, ಟಕ್, ಜೀವ ಬಂತು ಅಕ್ಕಾ. ನಾನು ಮುಂಚೇನೇ ಹೇಳ್ಲಿಲ್ವಾ, ಟಕ್, ಇದನ್ನ ರಿಪೇರಿ ಮಾಡೋಕೆ ಆಗಲ್ಲ ಅಂತ?"

"ರಿಪೇರಿ ಮಾಡಿಶಿಲ್ಲ," ಅಂದ ಪತ್ತೇದಾರ, ಕರವಸ್ತ್ರ ತೆಗೆದು. "ಪರೀಕ್ಷೆ ಮಾಡಿಶಿದ್ದು. ಕೂಫ್ಕೊಳ್ಳಿ."

ಅಕ್ಕ ತಮ್ಮ ಇಬ್ಬರೂ ಅವನನ್ನೇ ನೋಡಿದರು. ಬಂದವನು ನಕ್ಕ. ಅಕ್ಕ ನಗಲಿಲ್ಲ. ಅವಳ ಕಿವಿ ಇನ್ನೂ ಸ್ವಲ್ಪ ಮುಂದಕ್ಕೆ ಬಂತು.

ಇಲ್ಲಿಂದ ಮುಂದೆ ಪತ್ತೇದಾರನ ಮಾತಿಗೆ ಹಲ್ಲು ಕಟ್ಟಿಯೇ ಬರೆಯುತ್ತೇನೆ. ಓದುವಾಗ ಕಳಚಿಕೊಳ್ಳುವುದು ನಿಮಗೆ ಬಿಟ್ಟದ್ದು.

"ಹೋದ ವರ್ಷ ಈ ಸೆಟ್ಟಿನೊಳಗೆ ಯಾರೋ ಮೆತ್ತನೆ ಪದರ ಕೂರಿಸಿದ್ದಾರೆ. ಯಾರು?"

"ನಾನೇ ಮಾಡಿಸಿದ್ದು. ಇನ್ನೊಂದೂರಲ್ಲಿ. ಸಡಿಲ ಆಗಿತ್ತಲ್ಲ."

"ಆಮೇಲೆ ಅರ ಹಾಕಿ ಕೆರೆದದ್ದು?"

"ಅದೂ ನಾನೇ. ತುಂಬಿದ್ದು ಜಾಸ್ತಿ ಆಗಿ ಒತ್ತುತ್ತಿತ್ತು. ಒಸಡು ಹುಣ್ಣಾಯ್ತು. ಡಾಕ್ಟರು ದೂರ, ಅರ ಹತ್ತಿರ."

ಜವಾಬು ಚೆನ್ನಾಗಿತ್ತು. ಪತ್ತೇದಾರ ಒಳಗೊಳಗೇ ಮೆಚ್ಚಿಕೊಂಡ.

"ನೋಡಿದ್ರಾ ಸಾರ್?" ಆಪರೇಟರ್ ಅಮ್ಮ ಉಸಿರುಬಿಟ್ಟಳು. "ಚಿಕ್ಕವನಿದ್ದಾಗಲೂ ಹೀಗೇ, ರೇಡಿಯೊ ಕೆಟ್ಟರೂ ತಾನೇ ಬಿಚ್ಚೋನು."

"ತುಂಬಿದ್ದನ್ನ ಕೆರೆದಿದ್ರೆ ನಾನು ಮಾತಾಡ್ತಿರಲಿಲ್ಲ ಮೇಡಂ. ಪದರವೂ ಹೋಗಿ, ಅದರ ಕೆಳಗೆ ಹದಿನಾಲ್ಕು ವರ್ಷದ ಹಿಂದಿನ ಮೂಲ ಸೆಟ್ಟನ್ನೂ ಕೆರೆದಿದ್ದಾರೆ." ಅವನು ಚೀಲದಿಂದ ಪ್ಲಾಸ್ಟರಿನ ದವಡೆಯನ್ನು ತೆಗೆದು ಎರಡು ತಟ್ಟೆಗಳ ನಡುವೆ ಇಟ್ಟ. "ಇದು ನಿಮ್ಮ ತಮ್ಮ. ಆಗಿನದ್ದು. ಇವರ ದವಡೆ ಇದಕ್ಕಿಂತ ದಪ್ಪ ಇದೆ. ಉಗುರು ಬೆಳೆಯುತ್ತೆ, ಕೂದಲು ಬೆಳೆಯುತ್ತೆ. ಹಲ್ಲು ಉದುರಿದ ದವಡೆ ಬೆಳೆಯಲ್ಲ."

"ಯಾವಳೋ ಹಲ್ಲಿನವಳು ಹೇಳಿದ್ಲು ಅಂತ..."

"ಅವಳು ಹೇಳಿದ್ದು ತಪ್ಪಿರಬಹುದು. ಬನ್ನಿ ನನ್ನ ಜೊತೆ. ಕುರ್ಚಿಯಲ್ಲಿ ಕೂತು ಅಂಟು ಕಚ್ಚಿಕೊಂಡು ಐದು ನಿಮಿಷ ಸುಮ್ಮನಿದ್ದರೆ ಸಾಕು. ನಾನೂ ಈಗ ಅದನ್ನೇ ಮಾಡಿ ಬಂದೆ. ನೋವಾಗಲ್ಲ."

"ನಾನು ಎಲ್ಲಿಗೂ ಬರಲ್ಲ."

ಈ ಸಲ ಟಕ್ ಅನ್ನಲಿಲ್ಲ. ಸಿಟ್ಟು ಬಂದಾಗ ಅವನ ಹಲ್ಲು ಗಟ್ಟಿಯಾಗಿಯೇ ಕೂತಿತ್ತು. ಸಡಿಲವನ್ನು ಅವನು ನಾಲಗೆಯಿಂದ ಎತ್ತಿ ಎತ್ತಿ ಕುಣಿಸುತ್ತಿದ್ದ. ದನಿ ಸ್ವಚ್ಛವಾಗಿ, ತೆಳ್ಳಗೆ, ಪೂರ್ತಿ ಬೇರೆಯವನದಾಗಿ ಬಂತು.

ಮೂವತ್ತು ವರ್ಷ ಸಾವಿರಾರು ದನಿಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಜೋಡಿಸಿದವಳಿಗೆ ಅದು ಕೇಳಿಸದೆ ಇರಲಿಲ್ಲ. ಆಪರೇಟರ್ ಅಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ಸಾಕು ಬಿಡಿ ಸಾರ್," ಅಂದಳು. "ನಿಮ್ಮ ಪರೀಕ್ಷೆ ಇಲ್ಲಿಗೆ ನಿಲ್ಲಿಸಿ."

"ಮೇಡಂ, ನಾಳೆ ನೀವು ಸಹಿ..."

"ಹದಿನಾಲ್ಕು ವರ್ಷ ಈ ಮನೇಲಿ ನಾನಿಟ್ಟ ವಸ್ತು ನಾನಿಟ್ಟ ಜಾಗದಲ್ಲೇ ಇರ್ತಿತ್ತು. ಗೊತ್ತಾ ನಿಮಗೆ ಅದು ಎಂಥ ಹಿಂಸೆ ಅಂತ? ಈಗ ಬಾಚಣಿಗೆ ಸಿಗಲ್ಲ. ಪೇಪರು ಮಡಚಿರಲ್ಲ. ಒಳಗೆ ಇನ್ನೊಬ್ಬರು ಕೆಮ್ಮೋದು ಕೇಳಿಸುತ್ತೆ. ಇವನು ಅವನಲ್ಲ ಅಂದ್ರೆ," ಅವಳು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಮುಟ್ಟಿದಳು, "ಇದನ್ನ ಏನು ಮಾಡ್ಲಿ?"

ಪತ್ತೇದಾರ ಆ ಕುರ್ಚಿಯನ್ನು ನೋಡಿದ. ಅವನ ಮನೆಯಲ್ಲಿ ಬಾಚಣಿಗೆ ಇಟ್ಟಲ್ಲೇ ಇತ್ತು.

"ನನಗೂ ಗೊತ್ತು," ಅಂದ. "ಆದ್ರೆ ಮೇಡಂ, ತಮ್ಮ ಬದುಕಿದ್ದಾನೆ. ಈ ಒಂದು ವರ್ಷದೊಳಗೆ ಈ ಹಲ್ಲು ಅವನ ಬಾಯಲ್ಲಿತ್ತು. ಈಗ ಎಲ್ಲಿದ್ದಾನೋ, ಬಾಯಲ್ಲಿ ಹಲ್ಲಿಲ್ಲದೆ ಇದ್ದಾನೆ."

ಆಪರೇಟರ್ ಅಮ್ಮ ತಲೆಯೆತ್ತಿದಳು. ಅವನ ಮಾತನ್ನಲ್ಲ, ಅವನ ಬಾಯಿಯನ್ನು ನೋಡುತ್ತಿದ್ದಳು.

"ಇನ್ನೊಂದ್ಸಲ ಹೇಳಿ."

"ಹಲ್ಲಿಲ್ಲದೆ..."

"ಅದಲ್ಲ. ಏನಾದ್ರೂ ಹೇಳಿ. ಅಕ್ಕ ಅನ್ನಿ."

"ಅಕ್ಕ," ಅಂದ ಪತ್ತೇದಾರ.

ಬೆಳಗ್ಗೆಯಿಂದ ಅವನ ಬಾಯಿಂದ ಬಂದ ಮೊದಲ ಸ್ವಚ್ಛ ಮಾತು ಅದು. ಅಕ್ಕ ಅನ್ನಲು ಗಂಟಲು ಸಾಕು. ಹಲ್ಲು ಬೇಕಿಲ್ಲ.

"ಅವನೂ ಹೀಗೇ ಅಂತಾನೆ." ಅವಳ ದನಿ ಇಳಿದಿತ್ತು. "ಆ ಗುರುವಾರದ ಕುಡುಕ. ಮೊದಲು ಅಕ್ಕ ಅಂತಾನೆ, ಅದೊಂದು ಸ್ಪಷ್ಟ. ಆಮೇಲೆಲ್ಲ ಬಾಯ್ತುಂಬ ಹತ್ತಿ ತುರುಕಿದ ಹಾಗೆ. ನಿಮ್ಮ ಹಾಗೆ. ನಾನು ಬೈದು... ಐದು ಸಲ... ಕುಡಿದು ಅಕ್ಕ ಪಕ್ಕ ಅನ್ನೋಕೆ ನಾಚಿಕೆ ಆಗಲ್ವಾ ಅಂತ ಬೈದು ಇಟ್ಟುಬಿಟ್ಟೆ."

ಬಂದವನು ಗೋಡೆಯ ಗಡಿಯಾರ ನೋಡಿದ. ಪತ್ತೇದಾರನೂ ನೋಡಿದ.

ಗುರುವಾರ. ನಾಲ್ಕಕ್ಕೆ ಒಂದು ನಿಮಿಷ.

ಸೋರುವ ನಲ್ಲಿಯೊಂದೇ ಮಾತಾಡಿತು.

ಫೋನು ಬಡಿಯಿತು.

ಬಂದವನು ಒಂದು ಹೆಜ್ಜೆ ಮುಂದಿಟ್ಟ. ಪತ್ತೇದಾರ ಅಡ್ಡ ನಿಂತ. ಅಷ್ಟರಲ್ಲಿ ಆಪರೇಟರ್ ಅಮ್ಮ ರಿಸೀವರ್ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಮೂವತ್ತು ವರ್ಷದ ಆ ಹಳೆಯ ಕೆಲಸದ ದನಿಯಲ್ಲಿ ಹೇಳಿದಳು: "ಲೈನಿನಲ್ಲಿರಿ. ದಯವಿಟ್ಟು ಇಡಬೇಡಿ. ಲೈನಿನಲ್ಲಿರಿ."

ಆಮೇಲೆ ಅವಳ ಸ್ವಂತ ದನಿ ಬಂತು. "ನೀನೇನೋ?"

ಆ ಕಡೆಯಿಂದ ಒಂದು ಮಾತು. ಮೂರು ಹೆಜ್ಜೆ ದೂರದ ಪತ್ತೇದಾರನಿಗೂ ಕೇಳಿಸಿತು. "ಅಕ್ಕ." ಅದರ ಹಿಂದೆ ಬಳಬಳನೆ ಸುರಿದದ್ದು ಆಕೆಗೆ ಅರ್ಥವಾಗಲಿಲ್ಲ. ಅಳುತ್ತ ರಿಸೀವರನ್ನು ಪತ್ತೇದಾರನ ಕಡೆ ಚಾಚಿದಳು. "ನಿಮಗೆ ಗೊತ್ತಾಗುತ್ತೆ. ನೀವು ಕೇಳಿ."

ಅವನು ಕಿವಿಗಿಟ್ಟುಕೊಂಡ. ಪ್ರತಿ ರಾತ್ರಿ ಲೋಟದ ಎದುರು ಅವನು ಆಡುತ್ತಿದ್ದ ಭಾಷೆ ಅದು. ಒಂದಕ್ಷರವೂ ತಪ್ಪದೆ ತಿಳಿಯಿತು.

"ಜ್ವರ ಬಂದು ಮಲಗಿದ್ದಾಗ ನನ್ನ ಜೊತೆ ವಾಸವಿದ್ದವನು ನನ್ನನ್ನ ಇಲ್ಲಿ ತಂದು ಸೇರಿಸಿದ," ಪತ್ತೇದಾರ ಕೇಳಿದ್ದನ್ನು ಕೇಳಿದ ಹಾಗೆ ಆಕೆಗೆ ಒಪ್ಪಿಸತೊಡಗಿದ. "ಮುದುಕರ ಆಸ್ಪತ್ರೆ. ತನ್ನ ಹೆಸರು ಕೊಟ್ಟು ಸೇರಿಸಿದ್ದಾನೆ. ಹಲ್ಲು ತಗೊಂಡು ಹೋದ. ಯಾವ ಊರೋ ಗೊತ್ತಿಲ್ಲ. ನಾನು ಅವನಲ್ಲ, ಬೇರೆಯವನು ಅಂತ ದಿನಾ ಹೇಳ್ತೀನಿ. ಯಾರಿಗೂ ಅರ್ಥ ಆಗಲ್ಲ. ಪಾಪ ಅಂತ ತಲೆ ಸವರಿ ಹೋಗ್ತಾರೆ. ಗುರುವಾರ ನಾಲ್ಕಕ್ಕೆ ಫೋನಿನ ಹತ್ತಿರ ಯಾರೂ ಇರಲ್ಲ. ಅಕ್ಕ, ಇದು ನನ್ನ ಸ್ವಂತ ದನಿ. ಬೇರೆ ದನಿ ಯಾವುದೂ ಉಳಿದಿಲ್ಲ."

ಆಪರೇಟರ್ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೇಳಿ ಇಲ್ಲಿ," ಪತ್ತೇದಾರ ಫೋನಿಗೆ ಬಾಯಿ ಕೊಟ್ಟು ಕೂಗಿದ. ಜೀವಮಾನದಲ್ಲಿ ಮೊದಲ ಸಲ ಹಲ್ಲಿಲ್ಲದ ಬಾಯನ್ನು ಪೂರ್ತಿ ತೆರೆದಿದ್ದ. "ಅಲ್ಲಿ ನಿಮ್ಮನ್ನ ಯಾವ ಹೆಸರಿಂದ ಕರೀತಾರೆ? ಹೆಸರು ಹೇಳಿ ಸಾಕು. ಹೆಸರು ಸಿಕ್ಕಿದ್ರೆ ನಾನು ಹುಡುಕ್ತೀನಿ. ಹೆಸರು?"

ಆ ಕಡೆ ಉಸಿರು ಎಳೆದುಕೊಂಡ ಸದ್ದು. ತುಟಿ ತುಟಿ ತಾಗಿದ ಸದ್ದು.

ಟಪ್.

ಆಮೇಲೆ ಏನೂ ಇಲ್ಲ. ಗುಂಯ್ ಅನ್ನುವ ಸದ್ದೂ ಇಲ್ಲ.

ಪತ್ತೇದಾರ ತಿರುಗಿದ. ಬಾಗಿಲು ತೆರೆದಿತ್ತು. ಬಾಗಿಲ ಬಳಿಯ ಪೆಟ್ಟಿಗೆಯಿಂದ ಕಿತ್ತ ತಂತಿ ಗೋಡೆಗೆ ಬಡಿದು ಬಡಿದು ತೂಗಾಡುತ್ತಿತ್ತು. ಕತ್ತಲ ಮೆಟ್ಟಿಲಲ್ಲಿ ಹೆಜ್ಜೆಗಳು ಎರಡೆರಡಾಗಿ ಇಳಿಯುತ್ತಿದ್ದವು. ಹೊಸ ಕುರ್ಚಿ ಮಗುಚಿ ಬಿದ್ದಿತ್ತು. ಮೇಜಿನ ಮೇಲಿನ ಎರಡನೆಯ ತಟ್ಟೆಯಲ್ಲಿ, ಒದ್ದೆಯಾಗಿ, ಆರುನೂರ ಹನ್ನೆರಡನೆಯ ನಂಬರಿನ ಹಲ್ಲುಸೆಟ್ಟು ನಗುತ್ತ ಕೂತಿತ್ತು.

ಆ ಹೆಸರು ಈಗ ಇಬ್ಬರಿಗೇ ಗೊತ್ತು. ಒಬ್ಬನ ಮಾತು ಯಾರಿಗೂ ತಿಳಿಯುವುದಿಲ್ಲ. ಇನ್ನೊಬ್ಬ ಎರಡನೆಯ ಮಹಡಿ ದಾಟಿದ್ದ.

ಪತ್ತೇದಾರ ಬಾಗಿಲಿಗೆ ಓಡಿದ. ಹೊಸ್ತಿಲಲ್ಲಿ ಒಮ್ಮೆ ಹಿಂದೆ ನೋಡಿದ.

ಆಪರೇಟರ್ ಅಮ್ಮ ಸತ್ತ ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು, ಮೂವತ್ತು ವರ್ಷ ಕಿವಿಗೊಟ್ಟ ಹಾಗೆ.

"ನಾನೇ ಇಟ್ಟೆ ಅಂದುಕೊಳ್ತಾನೆ ಸಾರ್," ಅಂದಳು. "ಈ ಸಲವೂ."